ಇನಿಷಿಯಲ್ ಹಿಡಿದು ಹುಡುಕಿದ ಗೆಳತಿಯರು

ನನ್ನ ತಮ್ಮ ತನ್ನ ಕಾಲೇಜಿನ ಗೆಳೆಯರನ್ನು ಎರಡೇ ವಾರದಲ್ಲಿ ಹುಡುಕಿಬಿಟ್ಟ. ಫೇಸ್‌ಬುಕ್‌ನಲ್ಲಿ ಹೆಸರು ಹಾಕಿದ, ಸಿಕ್ಕರು, ವಾಟ್ಸಾಪ್ ಗ್ರೂಪ್ ಮಾಡಿದ. ನನಗೆ ಎರಡು ವರ್ಷ ಹಿಡಿಯಿತು, ಇನ್ನೂ ಮುಗಿದಿಲ್ಲ.

ನಾನು ಓದಿದ್ದು ಮೈಸೂರಿನ ಮಹಾರಾಣಿ ಕಾಲೇಜಿನಲ್ಲಿ. 1989ರಿಂದ 1992, ಬಿಎಸ್ಸಿ, ಸಿಬಿಜೆಡ್, ಅಂದರೆ ಕೆಮಿಸ್ಟ್ರಿ, ಬಾಟನಿ, ಜುವಾಲಜಿ. ಪೂರ್ತಿ ಹೆಣ್ಣುಮಕ್ಕಳ ಕಾಲೇಜು. ಮದುವೆಯಾದ ಮೇಲೆ ನಮ್ಮ ಕ್ಲಾಸಿನ ಹೆಚ್ಚಿನವರ ಹೆಸರು ಬದಲಾಗಿತ್ತು. ಊರಿನ, ಅಪ್ಪನ ಇನಿಷಿಯಲ್ ಹೋಗಿ ಗಂಡನ ಹೆಸರು ಬಂದಿತ್ತು. ಇಬ್ಬರಿಗಂತೂ ಗಂಡನ ಮನೆಯಲ್ಲಿ ಹೆಸರನ್ನೇ ಬೇರೆ ಇಟ್ಟಿದ್ದರು. ಇನ್ನು ಫೇಸ್‌ಬುಕ್‌ನಲ್ಲಿ ಎಲ್ಲಿ ಸಿಗುತ್ತಾರೆ?

ಶುರುವಾಗಿದ್ದು 2022ರಲ್ಲಿ, ದೇವರಾಜ ಮಾರ್ಕೆಟ್ಟಿನಲ್ಲಿ. ಹೂವು ಕೊಳ್ಳುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದವಳು ನನ್ನ ಮುಖ ನೋಡಿ "ನಲವತ್ತೊಂದು ಅಲ್ವಾ?" ಅಂದಳು. ಅದು ನನ್ನ ರೋಲ್ ನಂಬರ್. ಮೂವತ್ತು ವರ್ಷದಿಂದ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ. ಹೂವಿನವನಿಗೆ ದುಡ್ಡು ಕೊಡುವುದನ್ನೂ ಮರೆತು ಅಲ್ಲೇ ಮುಕ್ಕಾಲು ಗಂಟೆ ಮಾತಾಡಿದೆವು. ಮನೆಗೆ ಬಂದು ಅಟ್ಟದಿಂದ ಫೈನಲ್ ಇಯರ್ ಗ್ರೂಪ್ ಫೋಟೋ ಇಳಿಸಿದೆ.

ಆ ಫೋಟೋನೇ ನನ್ನ ಮೊದಲ ದಾಖಲೆ. ದಪ್ಪ ರಟ್ಟಿನ ಮೇಲೆ ಅಂಟಿಸಿದ ಕಪ್ಪುಬಿಳುಪು ಚಿತ್ರ. ಕೆಳಗೆ ಸಾಲುಸಾಲಾಗಿ ಹೆಸರು, ಎಡದಿಂದ ಬಲಕ್ಕೆ. ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು, ಪುಣ್ಯಕ್ಕೆ ಹೆಸರು ಉಳಿದಿದ್ದವು. ಒಟ್ಟು 38 ಹುಡುಗಿಯರು. ಒಂದು ನೂರು ಪುಟದ ನೋಟ್‌ಬುಕ್ ತಂದು ಒಬ್ಬೊಬ್ಬರಿಗೆ ಎರಡೆರಡು ಪುಟ ಬಿಟ್ಟೆ.

ಎರಡನೆಯದು ಆಟೋಗ್ರಾಫ್ ಪುಸ್ತಕ. ಅದರಲ್ಲಿದ್ದ ವಿಳಾಸವೆಲ್ಲ ತವರುಮನೆಯದು. "ಇಂಥವರ ಮಗಳು, ಇಂಥ ಊರು, ಅಂಚೆ, ತಾಲ್ಲೂಕು." ಮಗಳು ಅಲ್ಲಿಲ್ಲ ಅನ್ನುವುದು ಗೊತ್ತು. ಆದರೆ ಅಣ್ಣನೋ ತಮ್ಮನೋ ಅಲ್ಲೇ ಇರುತ್ತಾನೆ, ಅವನಿಗೆ ಅಕ್ಕತಂಗಿಯ ನಂಬರ್ ಗೊತ್ತಿರುತ್ತದೆ. ಹಾಗಂತ 14 ಪೋಸ್ಟ್‌ಕಾರ್ಡ್ ಬರೆದೆ. ಕಾರ್ಡಿಗೆ ಆಗಲೂ ಐವತ್ತೇ ಪೈಸೆ ಇತ್ತು. ನಾನು ಯಾರು, ಯಾವ ವರ್ಷ ಜೊತೆಗೆ ಓದಿದ್ದು, ನನ್ನ ಮೊಬೈಲ್ ನಂಬರ್, ಇಷ್ಟೇ ಬರೆದದ್ದು. ಆರು ಜನರಿಂದ ಫೋನ್ ಬಂತು. ಹಳ್ಳಿಯ ಪೋಸ್ಟ್‌ಮ್ಯಾನ್ ಕಾರ್ಡ್ ಓದುತ್ತಾನೆ, ಮನೆಯವರು ಇಲ್ಲದಿದ್ದರೆ ದಾಯಾದಿಗಳಿಗಾದರೂ ಹೇಳುತ್ತಾನೆ. ಅದು ನನಗೆ ದೊಡ್ಡ ಉಪಕಾರವಾಯಿತು.

ಮೂರನೆಯದು ಮದುವೆ ಕಾಗದಗಳು. ಅಮ್ಮ ಎಲ್ಲವನ್ನೂ ಟ್ರಂಕಿನಲ್ಲಿ ಎತ್ತಿಟ್ಟಿದ್ದಳು. ಅದರಲ್ಲಿ ಹೆಣ್ಣಿನ ಮನೆ, ಗಂಡಿನ ಮನೆ ಎರಡರ ವಿಳಾಸವೂ ಇರುತ್ತದೆ ಅಲ್ವಾ? 1997, 98ರ ಕಾಗದಗಳಲ್ಲಿ ಮೈಸೂರಿನ ಆರಂಕಿ ಫೋನ್ ನಂಬರುಗಳಿದ್ದವು. ಆಮೇಲೆ ಬಿಎಸ್‌ಎನ್‌ಎಲ್‌ನವರು ಹಳೇ ನಂಬರುಗಳ ಮುಂದೆ 2 ಸೇರಿಸಿದ್ದು ನೆನಪಿತ್ತು. 0821, ಆಮೇಲೆ 2, ಆಮೇಲೆ ಹಳೇ ನಂಬರ್. ಏಳು ನಂಬರಿಗೆ ಮಾಡಿದೆ, ಎರಡು ರಿಂಗಾದವು. ಒಂದನ್ನು ಗೆಳತಿಯೊಬ್ಬಳ ಅತ್ತೆಯೇ ಎತ್ತಿದರು.

ಫೋನಿನಲ್ಲಿ ನಂಬಿಸುವುದು ಕಷ್ಟ. ಇನ್ಶೂರೆನ್ಸ್‌ನವಳು ಅಂದುಕೊಳ್ಳುತ್ತಾರೆ, ಇಲ್ಲವೇ ಓಟಿಪಿ ಕೇಳುವ ಕಳ್ಳರು ಅಂತ ಇಟ್ಟುಬಿಡುತ್ತಾರೆ. ಅದಕ್ಕೇ ಮೊದಲ ಮಾತಿನಲ್ಲೇ ಕ್ಲಾಸಿನವರಿಗೆ ಮಾತ್ರ ಗೊತ್ತಿರುವ ಒಂದು ವಿಷಯ ಹೇಳುತ್ತಿದ್ದೆ. ಜುವಾಲಜಿ ಲ್ಯಾಬಿನಲ್ಲಿ ಕಪ್ಪೆ ಕೊಯ್ಯುವಾಗ ಯಾರು ಅತ್ತರು, ಫಾರ್ಮಲಿನ್ ವಾಸನೆ ಹೋಗಲಿ ಅಂತ ಯಾರು ಕರವಸ್ತ್ರದೊಳಗೆ ಸಂಪಿಗೆ ಹೂವು ತರುತ್ತಿದ್ದರು, ಹೀಗೆ. ಆ ಕಡೆ ಒಂದು ಕ್ಷಣ ಮೌನ. ಆಮೇಲೆ "ಅಯ್ಯೋ, ನೀನೇನೇ!" ಅನ್ನುವ ಕೂಗು. ಆ ಕೂಗು ಕೇಳಲಿಕ್ಕಾದರೂ ಈ ಕೆಲಸ ಮಾಡಬೇಕು.

ನಾಲ್ಕನೆಯದು ಇನಿಷಿಯಲ್. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಾನು ಹೆಚ್ಚು ಕಾಲ ಹುಡುಕಿದ ಗೆಳತಿ ಸಿಕ್ಕಿದ್ದು ಇದರಿಂದಲೇ. ಅವಳನ್ನು ಕೇಳದೆ ಹೆಸರು ಬರೆಯಲಾರೆ. ಇನಿಷಿಯಲ್ ಕೆ.ಎಂ. ಹಾಸ್ಟೆಲ್ ಹುಡುಗಿ. ಪರೀಕ್ಷೆಗೆ ಸ್ವಲ್ಪ ಮುಂಚೆ ಊರಿಗೆ ಹೋದವಳು ವಾಪಸ್ ಬರಲೇ ಇಲ್ಲ. ಆಟೋಗ್ರಾಫ್ ಬರೆದಿಲ್ಲ, ಮದುವೆ ಕಾಗದ ಕಳಿಸಿಲ್ಲ. ನಮ್ಮ ಕಡೆ ಎರಡು ಇನಿಷಿಯಲ್ ಇದ್ದರೆ ಮೊದಲನೆಯದು ಸಾಮಾನ್ಯವಾಗಿ ಊರು, ಎರಡನೆಯದು ಅಪ್ಪ. ಅಂದರೆ 'ಕೆ' ಒಂದು ಊರು. ಮಂಡ್ಯ ಜಿಲ್ಲೆಯವಳು ಅನ್ನುವುದಷ್ಟು ನೆನಪಿತ್ತು. ಕೆರಗೋಡು, ಕೊತ್ತತ್ತಿ, ಕೊಪ್ಪ, ಕಿರುಗಾವಲು, ನಾಲ್ಕು ಹೆಸರು ಬರೆದುಕೊಂಡೆ. ಅವಳ ರೂಮಿನಲ್ಲಿದ್ದವಳನ್ನು ಕೇಳಿದೆ. "ಮಂಡ್ಯದಲ್ಲಿ ಬಸ್ ಬದಲಾಯಿಸ್ತಿದ್ಲು ಕಣೇ, ಅಲ್ಲಿಂದ ಜಾಸ್ತಿ ದೂರ ಇಲ್ಲ ಅಂತಿದ್ಲು" ಅಂದಳು. ಕಿರುಗಾವಲಾಗಿದ್ದರೆ ಮೈಸೂರಿನಿಂದ ಬನ್ನೂರಿನ ಮೇಲೆ ನೇರ ಹೋಗುತ್ತಿದ್ದಳು. ಕೊಪ್ಪವಾಗಿದ್ದರೆ ಮದ್ದೂರಿನಲ್ಲಿ ಇಳಿಯುತ್ತಿದ್ದಳು. ಉಳಿದದ್ದು ಕೆರಗೋಡು, ಕೊತ್ತತ್ತಿ.

ಮೊದಲು ಕೊತ್ತತ್ತಿಗೆ ಹೋದೆ. ಹಳ್ಳಿಯಲ್ಲಿ ಯಾರನ್ನಾದರೂ ಹುಡುಕಬೇಕಾದರೆ ಸಂಜೆ ಹಾಲಿನ ಡೈರಿ ತೆಗೆಯುವ ಹೊತ್ತಿಗೆ ಹೋಗಬೇಕು. ಮನೆಗೊಬ್ಬರಂತೆ ಕ್ಯಾನು ಹಿಡಿದು ಅಲ್ಲಿಗೇ ಬರುತ್ತಾರೆ, ಬಾಗಿಲು ಬಾಗಿಲು ತಟ್ಟುವ ಕೆಲಸ ಇರುವುದಿಲ್ಲ. ನಾನು ಫೋಟೋನೂ ತಗೊಂಡು ಹೋಗಿದ್ದೆ. ಸಾಲಿನಲ್ಲಿ ನಿಂತವರು ಒಬ್ಬೊಬ್ಬರೇ ನೋಡಿದರು. ಅರವತ್ತು ದಾಟಿದ ಒಬ್ಬರು ಕ್ಯಾನು ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಫೋಟೋ ತಗೊಂಡರು. ಮೂರನೇ ಸಾಲಿನ ಕೊನೆಯ ಹುಡುಗಿಯ ಮೇಲೆ ಬೆರಳಿಟ್ಟರು.

"ನಮ್ ನಾದ್ನಿ ಕನವ್ವ ಇದು. ಮದ್ವೆಗ್ ಮುಂಚೆ ಹಿಂಗೇ ಇದ್ಲು."

ಅಲ್ಲೇ ನಿಂತು ನಂಬರ್ ಹಚ್ಚಿಕೊಟ್ಟರು. ಅವಳು ಈಗಿರುವುದು ಪಾಂಡವಪುರದ ಹತ್ತಿರದ ಒಂದು ಹಳ್ಳಿಯಲ್ಲಿ. ನನ್ನ ಮನೆಯಿಂದ ಒಂದು ಗಂಟೆ ದಾರಿ. ಮೂವತ್ತು ವರ್ಷ!

ಸಿಕ್ಕವರ ಜೊತೆ ಹೇಗೆ ಮಾತಾಡಬೇಕು ಅನ್ನುವುದನ್ನು ನಾನು ತಪ್ಪು ಮಾಡಿಯೇ ಕಲಿತದ್ದು. ಮೊದಮೊದಲು "ಮಕ್ಕಳೆಷ್ಟು, ಯಜಮಾನರು ಏನ್ಮಾಡ್ತಾರೆ" ಅಂತ ಕೇಳಿಬಿಡುತ್ತಿದ್ದೆ. ಒಬ್ಬಳು ಆ ಪ್ರಶ್ನೆಗೆ "ಆಮೇಲೆ ಮಾಡ್ತೀನಿ" ಅಂತ ಫೋನ್ ಇಟ್ಟಳು, ನಾಲ್ಕು ತಿಂಗಳು ಮಾಡಲಿಲ್ಲ. ಅಲ್ಲಿಂದ ಮೇಲೆ ನನ್ನ ಮೊದಲ ಪ್ರಶ್ನೆ "ಈಗ ಮಾತಾಡೋಕೆ ಆಗುತ್ತಾ?" ಅಂತ. ಮಧ್ಯಾಹ್ನ ಮೂರರ ಹೊತ್ತು ಒಳ್ಳೆಯದು, ಪಾತ್ರೆ ತೊಳೆದಾಗಿರುತ್ತದೆ, ಕಾಫಿಗೆ ಇನ್ನೂ ಹೊತ್ತಿರುತ್ತದೆ. ಆಮೇಲೆ ಕಾಲೇಜಿನ ಮಾತು. ಅವಳ ಬದುಕಿನ ಮಾತನ್ನು ಅವಳೇ ತೆಗೆಯಲಿ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಹದಿನೈದು ಜನ ಸಿಕ್ಕಾಗ ವಾಟ್ಸಾಪ್ ಗ್ರೂಪ್ ಮಾಡಿದೆ. ಒಬ್ಬಳು ನನ್ನ ಹತ್ತಿರ ತನ್ನ ಗಂಡ ತೀರಿಕೊಂಡ ವಿಷಯ ಹೇಳಿದ್ದಳು. ಎಲ್ಲರೂ ಅವಳಿಗೆ ಧೈರ್ಯ ಹೇಳಲಿ ಅಂತ ನಾನೇ ಅದನ್ನು ಗ್ರೂಪಿನಲ್ಲಿ ಹಾಕಿದೆ. ಒಂದಾದ ಮೇಲೊಂದು ಕೈಮುಗಿದ ಚಿತ್ರ ಬಂದವು. ರಾತ್ರಿ ಅವಳು ಗ್ರೂಪ್ ಬಿಟ್ಟಳು. ಮಾರನೇ ದಿನ ಅವಳ ಮನೆಗೇ ಹೋಗಿ ಕ್ಷಮೆ ಕೇಳಿದೆ. "ನಿನಗೆ ಹೇಳಿದ್ದೆ ಕಣೇ, ಎಲ್ಲರಿಗೂ ಅಲ್ಲ" ಅಂದಳು. ಆಮೇಲೆ ಒಬ್ಬರ ಸುದ್ದಿಯನ್ನು ಇನ್ನೊಬ್ಬರಿಗೆ ನಾನು ಹೇಳಿಲ್ಲ. ನೋಟ್‌ಬುಕ್ಕಿನಲ್ಲೂ ಅಂಥದ್ದು ಬರೆಯುವುದಿಲ್ಲ.

38 ಜನರಲ್ಲಿ ಇಬ್ಬರು ಇಲ್ಲ. ಒಬ್ಬಳ ವಿಷಯ ಗೊತ್ತಾಗಿದ್ದು ಪೋಸ್ಟ್‌ಕಾರ್ಡಿಗೆ ಅವಳ ತಾಯಿ ಫೋನ್ ಮಾಡಿದಾಗ. ತೀರಿಕೊಂಡು ಹದಿನೆಂಟು ವರ್ಷವಾಗಿತ್ತು. ಆದರೂ ಆ ತಾಯಿ, "ಕಾಲೇಜಲ್ಲಿ ಹೇಗಿದ್ಲು, ಹೇಳವ್ವ" ಅಂತ ಕೇಳಿದರು. ನನಗೆ ಗೊತ್ತಿದ್ದಷ್ಟೂ ಹೇಳಿದೆ. ಅವಳು ಬರೆಯುತ್ತಿದ್ದ ರೆಕಾರ್ಡ್ ಬುಕ್ಕಿನ ಚಿತ್ರಗಳ ಬಗ್ಗೆ, ದಾಸವಾಳದ ಉದ್ದ ಸೀಳಿದ ಚಿತ್ರಕ್ಕೆ ಸಿಕ್ಕ ಗುಡ್ ಬಗ್ಗೆ. ಈಗಲೂ ತಿಂಗಳಿಗೊಮ್ಮೆ ಅವರಿಗೆ ಫೋನ್ ಮಾಡುತ್ತೇನೆ.

ಎಲ್ಲರೂ ಸೇರಿದ್ದು 2024ರ ಜನವರಿ 7ರ ಭಾನುವಾರ. ಧನುರ್ಮಾಸ ಬೇಕೆಂದೇ ಆರಿಸಿದ್ದು, ಆಗ ಮದುವೆಗಳ ಕಾಟ ಇರುವುದಿಲ್ಲ. ಹೊತ್ತು ಹನ್ನೊಂದರಿಂದ ಮೂರು. ಹಸು ಇರುವವರು ಸಂಜೆ ಹಾಲು ಕರೆಯಲು ಮನೆಗೆ ಹೋಗಲೇಬೇಕು. ಹೋಟೆಲ್ ಬೇಡ ಅಂದೆ, ತಲೆಗಿಷ್ಟು ಅಂದರೆ ಕೆಲವರು ಬರುವುದೇ ಇಲ್ಲ. ಕುವೆಂಪುನಗರದ ಒಬ್ಬಳ ಮನೆಯಲ್ಲಿ ಬಿಸಿಬೇಳೆಬಾತ್, ಮೊಸರನ್ನ. ಹಳ್ಳಿಯಿಂದ ಬರುವವರಿಗೆ 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆ ತುಂಬಾ ಅನುಕೂಲವಾಯಿತು. "ಬಸ್ ಚಾರ್ಜಿಗೆ ಮಗನ ಕೈ ನೋಡೋ ಹಾಗಿಲ್ಲ, ಅದಕ್ಕೇ ಬಂದೆ" ಅಂತ ಒಬ್ಬಳು ಬಾಗಿಲಲ್ಲೇ ಹೇಳಿದಳು. 17 ಜನ ಬಂದರು.

ಕೆ.ಎಂ. ಬಂದಳು, ಎರಡು ಅಚ್ಚು ಬೆಲ್ಲ ಹಿಡಿದುಕೊಂಡು. ಅವರದ್ದೇ ಆಲೆಮನೆ ಇದೆ. ಒಳಗೆ ಬಂದವಳು ಗೋಡೆ ಪಕ್ಕ ನಿಂತೇ ಇದ್ದಳು. "ನಾನು ಪರೀಕ್ಷೆ ಬರೀಲಿಲ್ಲ. ನಿಮ್ಮ ಲೆಕ್ಕಕ್ಕೆ ಬರ್ತೀನಾ?" ಅಂತ ಮೆಲ್ಲಗೆ ಕೇಳಿದಳು. ನಾನು ಏನೂ ಹೇಳಲಿಲ್ಲ, ಫೋಟೋ ತಂದು ಕೈಗೆ ಕೊಟ್ಟೆ. ಆ ಫೋಟೋ ಪ್ರಿಂಟಾಗಿ ಬಂದಾಗ ಅವಳು ಊರಿಗೆ ಹೋಗಿಯಾಗಿತ್ತು. ಅವಳ ಪ್ರತಿಯನ್ನು ಯಾರೂ ತಗೊಂಡಿರಲಿಲ್ಲ. ಅದನ್ನು ನೋಡುತ್ತಿರುವುದು ಅದೇ ಮೊದಲು. ಕನ್ನಡಕ ಮೇಲೆ ಸರಿಸಿ ತುಂಬಾ ಹತ್ತಿರ ಹಿಡಿದು ನೋಡಿದಳು. ಮೂರನೇ ಸಾಲಿನ ಕೊನೆಗೆ ಹೋಗಿ ಬೆರಳು ನಿಂತಿತು.

"ಈ ಸೀರೆ ನಂದಲ್ಲ" ಅಂದಳು.

"ನಂದು ಕಣೇ, ನಮ್ಮಕ್ಕನ ಸೀರೆ, ನಾನೇ ಉಡಿಸಿದ್ದು" ಅಂತ ಅವಳ ರೂಮಿನವಳು ಅಡುಗೆಮನೆಯಿಂದ ಕೂಗಿದಳು.

ಆಮೇಲೆ ಅವಳು ಕುಳಿತುಕೊಂಡಳು. ಆ ಫೋಟೋದ ದೊಡ್ಡ ಪ್ರತಿ ಮಾಡಿಸಿ ಮಾರನೇ ವಾರ ನಾನೇ ಹೋಗಿ ಕೊಟ್ಟುಬಂದೆ.

ನನ್ನನ್ನೂ ಸೇರಿಸಿ 29 ಜನ ಸಿಕ್ಕಿದ್ದೇವೆ. ಇನ್ನೂ ಏಳು ಜನ ಬಾಕಿ. ಅದರಲ್ಲಿ ಒಬ್ಬಳ ಮೊದಲ ಇನಿಷಿಯಲ್ 'ಬಿ'. ಬನ್ನೂರು, ಬೆಳಕವಾಡಿ, ಬಸರಾಳು, ಮೂರು ಹೆಸರು ಬರೆದಿಟ್ಟಿದ್ದೇನೆ. ಬನ್ನೂರಿಗೆ ಹೋಗಿ ಬಂದಾಯಿತು, ಅಲ್ಲಿಲ್ಲ. ಬರುವ ಶನಿವಾರ ಬಸರಾಳಿಗೆ ಹೊರಟಿದ್ದೇನೆ, ಡೈರಿ ತೆಗೆಯುವ ಹೊತ್ತಿಗೆ. ಈ ಸಲ ಕೆ.ಎಂ. ಕೂಡ ಜೊತೆಗೆ ಬರುತ್ತೇನೆ ಅಂದಿದ್ದಾಳೆ. ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ಮೂರೂವರೆಗೆ ಸಿಗುತ್ತಾಳೆ.