ಆ ಹನ್ನೆರಡು ಪದ ಓದಿ ಹೇಳು ಅಂದಿದ್ದೆ

ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ನಮ್ಮದೊಂದು ಟೊಮೆಟೊ ಮಂಡಿ ಇದೆ. ಬಿಲ್ ಬರೆಯುವುದು, ಲಾರಿ ಬಾಡಿಗೆ ಕೊಡುವುದು, ರೈತರ ಖಾತೆಗೆ ಹಣ ಹಾಕುವುದು, ಎಲ್ಲಾ ನನ್ನ ಕೈಯಲ್ಲೇ. ಹರಾಜಿನ ಹೊತ್ತಿನಲ್ಲಿ ಫೋನು ಒಂದು ನಿಮಿಷ ಸುಮ್ಮನಿರುವುದಿಲ್ಲ. ಬ್ಯಾಂಕಿನ ಮೆಸೇಜು, ವ್ಯಾಪಾರಿಯ ಮೆಸೇಜು, ಡ್ರೈವರ್ ಕಳಿಸಿದ ಫೋಟೊ. ಓದು, ಒತ್ತು, ಮುಂದಿನದಕ್ಕೆ ಹೋಗು. ಕೈಗೆ ಅದೇ ರೂಢಿಯಾಗಿಬಿಟ್ಟಿತ್ತು.

2023ರ ಜುಲೈನಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತ್ತಲ್ಲ, ಆಗ ಕೈಯಲ್ಲಿ ಸ್ವಲ್ಪ ಹಣ ಉಳಿಯಿತು. ಅದರಲ್ಲಿ ಒಂದು ಪಾಲಿಗೆ ಈಥರ್ ಅನ್ನುವ ಕ್ರಿಪ್ಟೊ ನಾಣ್ಯ ಕೊಂಡೆ. ಕೊಂಡ ಎಕ್ಸ್‌ಚೇಂಜಿನಲ್ಲೇ, ಅಂದರೆ ಕ್ರಿಪ್ಟೊ ಕೊಂಡು ಮಾರುವ ಕಂಪನಿಯ ಕೈಯಲ್ಲೇ, ಬಿಡುವುದು ಬೇಡ ಅನ್ನಿಸಿತು. ಫೋನಿನಲ್ಲಿ ಮೆಟಾಮಾಸ್ಕ್ ವಾಲೆಟ್, ಅಂದರೆ ನಾಣ್ಯವನ್ನು ನಮ್ಮ ಕೈಯಲ್ಲೇ ಇಟ್ಟುಕೊಳ್ಳುವ ಆ್ಯಪ್, ಹಾಕಿಕೊಂಡು ಅದಕ್ಕೆ ಕಳಿಸಿಕೊಂಡೆ. ಕ್ರಿಪ್ಟೊ ಕೊಳ್ಳಿ ಅಂತ ಯಾರಿಗೂ ಹೇಳಲು ಇದನ್ನು ಬರೆಯುತ್ತಿಲ್ಲ. ಈಗಾಗಲೇ ಕೊಂಡಿರುವವರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಹಣ ಉಳಿಯಲಿ ಅಂತ ಬರೆಯುತ್ತಿದ್ದೇನೆ.

ವಾಲೆಟ್ ಮಾಡಿಕೊಂಡ ದಿನ ಪರದೆಯ ಮೇಲೆ ಹನ್ನೆರಡು ಇಂಗ್ಲಿಷ್ ಪದಗಳು ಬಂದವು. ಕೆಲವು ವಾಲೆಟ್‌ಗಳಲ್ಲಿ 24 ಬರುತ್ತವೆ. 2048 ಪದಗಳ ಒಂದು ಪಟ್ಟಿಯಿಂದ ಆರಿಸಿದ ಪದಗಳು ಅವು. ಈ ಪದಗಳನ್ನು ಅದೇ ಕ್ರಮದಲ್ಲಿ ಯಾರು ಯಾವ ದೇಶದಲ್ಲಿ ಕೂತು ತಮ್ಮ ಫೋನಿಗೆ ಹಾಕಿದರೂ ನನ್ನ ವಾಲೆಟ್ ಅಲ್ಲಿ ತೆರೆದುಕೊಳ್ಳುತ್ತದೆ. ಪಾಸ್‌ವರ್ಡ್ ಬೇಡ, ಒಟಿಪಿ ಬೇಡ, ನನ್ನ ಫೋನೂ ಬೇಡ. ಮಗಳ ಹಳೇ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಬರೆದು, ಮೇಲೆ 'ಯಾರಿಗೂ ಹೇಳಬಾರದು' ಅಂತ ಕೆಂಪು ಇಂಕಿನಲ್ಲಿ ಬರೆದು ಬೀರುವಿನಲ್ಲಿ ಇಟ್ಟೆ.

ಮರುವರ್ಷದ ಮಳೆಗಾಲ. ಬೆಳಗಿನ ಹರಾಜು ಜೋರಾಗಿ ನಡೆಯುತ್ತಿತ್ತು. ಮಳೆಗೆ ಹಣ್ಣು ಒಡೆದು ಬಂದಿತ್ತು, ರೇಟಿನ ವಿಷಯಕ್ಕೆ ಜಗಳ ಬೇರೆ. ಆಗ ಒಂದು ಇಮೇಲ್ ಬಂತು. ನರಿಯ ಮುಖದ ಅದೇ ಲೋಗೊ, ಅದೇ ಬಣ್ಣ. ನಿಮ್ಮ ವಾಲೆಟ್ ಹಳೆಯದಾಗಿದೆ, ಹೊಸ ಭದ್ರತಾ ನಿಯಮದ ಪ್ರಕಾರ 24 ಗಂಟೆಯೊಳಗೆ ಅಪ್‌ಡೇಟ್ ಮಾಡದಿದ್ದರೆ ನಿಮ್ಮ ಹಣ ತಡೆಹಿಡಿಯಲಾಗುವುದು ಅಂತ. ಇಂಗ್ಲಿಷ್ ಚೊಕ್ಕವಾಗಿತ್ತು, ಒಂದು ತಪ್ಪಿಲ್ಲ. ಕೆಳಗೆ ಕಿತ್ತಳೆ ಬಣ್ಣದ ಬಟನ್. ಒತ್ತಿದೆ. ತೆರೆದ ಪುಟದಲ್ಲಿ ಹನ್ನೆರಡು ಖಾಲಿ ಚೌಕಗಳಿದ್ದವು.

ಮನೆಗೆ ಫೋನ್ ಮಾಡಿ ಹೆಂಡತಿಗೆ, ಬೀರುವಿನಲ್ಲಿ ನೋಟ್‌ಬುಕ್ ಇದೆ, ಆ ಹನ್ನೆರಡು ಪದ ಒಂದೊಂದಾಗಿ ಓದಿ ಹೇಳು ಅಂದೆ. ಅವಳು ಓದುತ್ತಾ ಹೋದಳು, ನಾನು ಟೈಪ್ ಮಾಡುತ್ತಾ ಹೋದೆ. ನಾಲ್ಕು ಪದ ಆದ ಮೇಲೆ ನಿಲ್ಲಿಸಿದಳು.

"ಏನ್ರೀ, ಮೇಲೆ ನೀವೇ ಕೆಂಪಗೆ ಬರೆದಿದ್ದೀರಲ್ಲ, ಯಾರಿಗೂ ಹೇಳಬಾರದು ಅಂತ. ಈಗ ಯಾರಿಗೆ ಹೇಳ್ತಿದ್ದೀರಿ?"

ಉತ್ತರ ಕೊಡಲು ಬಾಯಿ ತೆರೆದೆ. ಯಾರಿಗೆ ಅಂತ ನನಗೇ ಗೊತ್ತಿರಲಿಲ್ಲ. ಅಲ್ಲೇ ಬಾಕ್ಸುಗಳ ಮಧ್ಯೆ ನಿಂತು ಫೋನಿನ ಡೇಟಾ ಆಫ್ ಮಾಡಿದೆ. ಕೈ ನಡುಗುತ್ತಿತ್ತು.

ಮಧ್ಯಾಹ್ನ ಮಂಡಿ ಖಾಲಿಯಾದ ಮೇಲೆ ಕೂತು ಯೋಚಿಸಿದೆ. ಮೊದಲು ಹೊಳೆದದ್ದು ಬಹಳ ಸರಳ ವಿಷಯ. ಆ ವಾಲೆಟ್ ಮಾಡಿಕೊಳ್ಳುವಾಗ ನಾನು ಇಮೇಲ್ ವಿಳಾಸವನ್ನೇ ಕೊಟ್ಟಿರಲಿಲ್ಲ. ಅದು ಕೇಳಿಯೂ ಇರಲಿಲ್ಲ. ನನ್ನ ವಿಳಾಸವೇ ಗೊತ್ತಿಲ್ಲದವರು ನನಗೆ ಮೇಲ್ ಕಳಿಸುವುದು ಹೇಗೆ? ಇನ್ನೊಂದು, ಆ ವಾಲೆಟ್ಟಿನ ಹಣವನ್ನು ತಡೆಹಿಡಿಯುವ ಕೀಲಿ ಕಂಪನಿಯ ಹತ್ತಿರ ಇಲ್ಲ. ಪದಗಳು ಇರುವುದು ನನ್ನ ಬೀರುವಿನಲ್ಲಿ. ಹಾಗಾದರೆ 24 ಗಂಟೆಯಲ್ಲಿ ಯಾರು ಏನನ್ನು ತಡೆಹಿಡಿಯುತ್ತಾರೆ?

ಆ ದಿನವೇ ಹೊಸ ವಾಲೆಟ್ ಮಾಡಿ, ಹೊಸ ಹನ್ನೆರಡು ಪದ ಬರೆದುಕೊಂಡು, ಇದ್ದ ಈಥರ್ ಪೂರ್ತಿ ಅದಕ್ಕೆ ಸಾಗಿಸಿದೆ. ನಾಲ್ಕೇ ಪದ ಕೊಟ್ಟಿದ್ದು, ಉಳಿದ ಎಂಟನ್ನು ಊಹಿಸುವುದು ಕಂಪ್ಯೂಟರಿಗೂ ಆಗದ ಮಾತು ಅಂತ ಆಮೇಲೆ ಲೆಕ್ಕ ಹಾಕಿ ತಿಳಿದುಕೊಂಡೆ. ಆದರೂ ಸಾಗಿಸಿದ್ದು ಸರಿ ಅಂತಲೇ ಈಗಲೂ ಹೇಳುತ್ತೇನೆ. ಇಂಥ ಪುಟಗಳನ್ನು ನಾವು ಟೈಪ್ ಮಾಡುತ್ತಿದ್ದ ಹಾಗೇ ಅಕ್ಷರಗಳು ಅವರಿಗೆ ಹೋಗುವಂತೆ ಮಾಡಬಹುದು. ಕೊನೆಯ ಬಟನ್ ಒತ್ತಲಿಲ್ಲ, ಹಾಗಾಗಿ ಏನೂ ಹೋಗಿಲ್ಲ ಅಂತ ನೆಮ್ಮದಿಯಾಗಿ ಇರುವ ಹಾಗಿಲ್ಲ. ಹನ್ನೆರಡೂ ಕೊಟ್ಟುಬಿಟ್ಟವರಿಗೆ ಉಳಿಯುವ ದಾರಿ ಇದೊಂದೇ, ಅದೂ ನಿಮಿಷಗಳ ಆಟ. ಪಾಸ್‌ವರ್ಡ್ ಬದಲಾಯಿಸಿದರೆ ಪ್ರಯೋಜನವಿಲ್ಲ. ಆ್ಯಪ್ ತೆಗೆದುಹಾಕಿದರೂ ಪ್ರಯೋಜನವಿಲ್ಲ.

ಆಮೇಲೆ ಆ ಮೇಲ್ ಅನ್ನು ನಿಧಾನವಾಗಿ ನೋಡಿದೆ. ಜಿಮೇಲ್‌ನಲ್ಲಿ ಕಳಿಸಿದವರ ಹೆಸರಿನ ಕೆಳಗಿರುವ ಸಣ್ಣ ಬಾಣ ಒತ್ತಿದರೆ ಪೂರ್ತಿ ವಿಳಾಸ ಕಾಣುತ್ತದೆ. ವಾಲೆಟ್ಟಿನ ಹೆಸರು ಅದರಲ್ಲಿ ಇತ್ತು, ಆದರೆ ಅದರ ಮುಂದೆ ಗೀಟು, ಇನ್ನೊಂದು ಪದ, ಇನ್ನೊಂದು ಚುಕ್ಕಿ. ಇಂಥ ವಿಳಾಸವನ್ನು ಕೊನೆಯಿಂದ ಓದಬೇಕು. ನಮ್ಮ ಕಡೆ ಊರೂರಲ್ಲೂ 'ಬೆಂಗಳೂರು ಬೇಕರಿ' ಇರುತ್ತದೆ ಅಲ್ವಾ? ಬೋರ್ಡಿನ ಮೇಲೆ ಬೆಂಗಳೂರು, ಅಂಗಡಿ ಇರುವುದು ಮುಳಬಾಗಿಲಿನಲ್ಲಿ. ವಿಳಾಸದ ಕೊನೆ ನೋಡಿದರೆ ಊರು ತಿಳಿಯುತ್ತದೆ. ವೆಬ್ ವಿಳಾಸವೂ ಹಾಗೇ. ಮೊದಲ ಒಂಟಿ ಓರೆಗೀಟು (/) ಬರುವ ತನಕ ಓದಿ, ಅಲ್ಲಿಂದ ಹಿಂದಕ್ಕೆ ಬಂದರೆ ಸಿಗುವ ಕೊನೆಯ ಎರಡು ತುಂಡುಗಳೇ ಸಾಮಾನ್ಯವಾಗಿ ಮಾಲೀಕನ ಹೆಸರು. ಮೆಟಾಮಾಸ್ಕ್ ಡಾಟ್ ಐಒ ಅಂತ ಮುಗಿದರೆ ಒಂದು ಮಾತು. ಅದರ ಮುಂದೆ ಇನ್ನೊಂದು ಹೆಸರು, ಡಾಟ್ ಕಾಮ್ ಅಂತ ಇದ್ದರೆ ಅದು ಬೇರೆ ಯಾರದೋ ಅಂಗಡಿ. ಬೀಗದ ಚಿಹ್ನೆ ಇದೆ ಅಂತ ನಂಬುವ ಹಾಗೂ ಇಲ್ಲ. ದಾರಿಯಲ್ಲಿ ಯಾರೂ ಕದ್ದು ಓದುವುದಿಲ್ಲ ಅಂತ ಅಷ್ಟೇ ಅದರ ಅರ್ಥ. ಆ ದಾರಿ ಕಳ್ಳನ ಮನೆಗೇ ಹೋಗಬಹುದು.

ಆದರೆ ಇಷ್ಟು ಕಲಿತರೆ ಸಾಕು ಅಂತ ನಾನು ಯಾರಿಗೂ ಹೇಳುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಟ್ರೆಜರ್ ವಾಲೆಟ್ ಬಳಸುವವರಿಗೆ ಒಂದು ಮೇಲ್ ಹೋಯಿತು. ಕಂಪನಿ ತನ್ನ ಸುದ್ದಿಪತ್ರ ಕಳಿಸಲು ಬಳಸುತ್ತಿದ್ದ ಮೇಲ್‌ಚಿಂಪ್ ಸೇವೆಯೊಳಗೇ ಕಳ್ಳರು ನುಗ್ಗಿ ವಿಳಾಸಗಳನ್ನು ಎತ್ತಿಕೊಂಡಿದ್ದರು. ನಮ್ಮಲ್ಲಿ ಮಾಹಿತಿ ಸೋರಿದೆ, ಕೂಡಲೇ ಹೊಸ ಆ್ಯಪ್ ಇಳಿಸಿಕೊಳ್ಳಿ ಅಂತ ಬರೆದಿದ್ದರು. ಆ ಆ್ಯಪ್ ಕೇಳಿದ್ದೂ ಇದೇ ಪದಗಳನ್ನು. ಲಿಂಕಿನ ವಿಳಾಸದಲ್ಲಿ ಟ್ರೆಜರ್ ಅನ್ನುವ ಹೆಸರು ಹಾಗೇ ಇತ್ತು, ಇಂಗ್ಲಿಷಿನ 'ಇ' ಅಕ್ಷರದ ಕೆಳಗೆ ಒಂದು ಚುಕ್ಕಿ ಬಿಟ್ಟರೆ. ಮಂಡಿಯಲ್ಲಿ ನನ್ನ ಫೋನಿನ ಪರದೆಯ ಮೇಲೆ ಸದಾ ಮಣ್ಣು. ಅದರಲ್ಲಿ ಅಂಥ ಚುಕ್ಕಿ ನನಗೆ ಕಾಣುವುದೇ ಇಲ್ಲ.

ಅದಕ್ಕೇ ನಕಲಿಯನ್ನು ಕಂಡುಹಿಡಿಯುವ ಕಣ್ಣನ್ನು ನೆಚ್ಚಿಕೊಳ್ಳುವುದು ಬಿಟ್ಟೆ. ಹರಾಜಿಗೆ ಬರುವ ಹಳೇ ವ್ಯಾಪಾರಿ ಬಾಕ್ಸಿನ ಮೇಲಿನ ಸಾಲು ನೋಡಿ ರೇಟು ಕೂಗುವುದಿಲ್ಲ. ಮೇಲಿನ ಹಣ್ಣು ಎಷ್ಟೇ ಕೆಂಪಗಿರಲಿ, ತಳಕ್ಕೆ ಕೈ ಹಾಕಿ ತಾನೇ ಒಂದು ಹಣ್ಣು ತೆಗೆಯುತ್ತಾನೆ. ಮೇಲ್ ವಿಷಯದಲ್ಲಿ ನಾನೂ ಅದನ್ನೇ ಮಾಡುತ್ತೇನೆ. ಅದು ಅಸಲಿಯೋ ನಕಲಿಯೋ ಅಂತ ತೀರ್ಮಾನಿಸಲು ಹೋಗುವುದಿಲ್ಲ. ಅದರಲ್ಲಿರುವ ಲಿಂಕ್ ಒತ್ತದೆ, ನನ್ನ ದಾರಿಯಲ್ಲಿ ನಾನೇ ಹೋಗಿ ನೋಡುತ್ತೇನೆ.

ಆ ದಾರಿ ಬಹಳ ಚಿಕ್ಕದು. ಪ್ಲೇ ಸ್ಟೋರ್ ತೆರೆದು ನನ್ನ ಫೋಟೊ ಒತ್ತಿ, ಆ್ಯಪ್‌ಗಳ ಪಟ್ಟಿಗೆ ಹೋಗಿ, ವಾಲೆಟ್ಟಿಗೆ ಅಪ್‌ಡೇಟ್ ಇದೆಯಾ ನೋಡುವುದು. ಇದ್ದರೆ ಅಲ್ಲೇ ಒತ್ತುವುದು. ಕಂಪ್ಯೂಟರಿನ ಬ್ರೌಸರಿಗೆ ಸೇರಿಸಿದ ವಾಲೆಟ್ ಸಾಮಾನ್ಯವಾಗಿ ತಾನಾಗೇ ಅಪ್‌ಡೇಟ್ ಆಗುತ್ತದೆ. ಅಪ್‌ಡೇಟ್ ಮಾಡುವಾಗ ಯಾರೂ ಆ ಪದಗಳನ್ನು ಕೇಳುವ ಅಗತ್ಯವೇ ಇರುವುದಿಲ್ಲ. ವಾಲೆಟ್ಟಿನ ಹೆಸರನ್ನು ಗೂಗಲ್‌ನಲ್ಲಿ ಹುಡುಕುವುದನ್ನೂ ನಿಲ್ಲಿಸಿದ್ದೇನೆ. ಹುಡುಕಾಟದ ಮೇಲ್ತುದಿಯಲ್ಲಿ ಬರುವುದು ಎಷ್ಟೋ ಸಲ ಜಾಹೀರಾತು, ಅದನ್ನು ಕಳ್ಳರೂ ದುಡ್ಡು ಕೊಟ್ಟು ಹಾಕಿಸುತ್ತಾರೆ. ಅಸಲಿ ವಿಳಾಸವನ್ನು ಒಮ್ಮೆ ನಿಧಾನವಾಗಿ ಪರೀಕ್ಷಿಸಿ ಬುಕ್‌ಮಾರ್ಕ್ ಮಾಡಿಟ್ಟಿದ್ದೇನೆ, ಅಲ್ಲಿಂದಲೇ ಹೋಗುತ್ತೇನೆ.

ಇಮೇಲ್ ವಿಳಾಸಗಳನ್ನು ಬೇರೆ ಮಾಡಿದ್ದು ನನಗೆ ಜಾಸ್ತಿ ಉಪಯೋಗಕ್ಕೆ ಬಂದ ಕೆಲಸ. ಎಕ್ಸ್‌ಚೇಂಜಿಗೆ ಅಂತಲೇ ಹೊಸ ವಿಳಾಸ ಮಾಡಿಕೊಂಡು ಅಲ್ಲಿ ಬದಲಾಯಿಸಿದೆ. ಅದನ್ನು ಬೇರೆ ಯಾರಿಗೂ ಕೊಟ್ಟಿಲ್ಲ. ಈಗ ಮಂಡಿಯ ವಿಳಾಸಕ್ಕೆ ಕ್ರಿಪ್ಟೊ ಬಗ್ಗೆ ಏನೇ ಬಂದರೂ ತೆರೆದು ಓದುವ ಮುಂಚೆಯೇ ಅದು ಸುಳ್ಳು ಅಂತ ಗೊತ್ತಾಗುತ್ತದೆ. ಹೊಸ ವಿಳಾಸಕ್ಕೆ ಬಂದದ್ದೆಲ್ಲಾ ನಿಜ ಅಂತ ಅಲ್ಲ. ಕಂಪನಿಗಳಿಂದಲೇ ವಿಳಾಸಗಳು ಸೋರುತ್ತವೆ. ವಾಲೆಟ್ ಸಾಧನ ಮಾರುವ ಲೆಡ್ಜರ್ ಕಂಪನಿಯ ಗ್ರಾಹಕರ ಪಟ್ಟಿ 2020ರಲ್ಲಿ ಸೋರಿ, ಡಿಸೆಂಬರ್‌ನಲ್ಲಿ ಎಲ್ಲರ ಕೈಗೂ ಸಿಕ್ಕಿತು. ಸುಮಾರು 10 ಲಕ್ಷ ಇಮೇಲ್ ವಿಳಾಸಗಳು, ಎರಡೂವರೆ ಲಕ್ಷಕ್ಕೂ ಜಾಸ್ತಿ ಜನರ ಹೆಸರು, ಮನೆ ವಿಳಾಸ, ಫೋನ್ ನಂಬರು. ಮೇಲ್‌ಗಳು ಹೋದವು, ಮರುವರ್ಷ ಕೆಲವರ ಮನೆಗೆ ನಕಲಿ ಲೆಡ್ಜರ್ ಸಾಧನವೇ ಪಾರ್ಸೆಲ್‌ನಲ್ಲಿ ಬಂತು, ಹಳೆಯದರ ಬದಲು ಇದನ್ನು ಬಳಸಿ ಅಂತ ಪತ್ರದ ಜೊತೆ.

ಕಳ್ಳರು ನಿಜವಾದ ಸುದ್ದಿಯ ಬೆನ್ನು ಹತ್ತಿ ಬರುತ್ತಾರೆ ಅನ್ನುವುದು ನನಗೆ ಆಮೇಲೆ ಅರ್ಥವಾಯಿತು. 2022ರ ಸೆಪ್ಟೆಂಬರ್ 15ರಂದು ಈಥರ್ ಓಡಾಡುವ ಎಥೀರಿಯಂ ಜಾಲ ತನ್ನ ಕೆಲಸದ ವಿಧಾನವನ್ನೇ ಬದಲಾಯಿಸಿತು. ಈಥರ್ ಇಟ್ಟುಕೊಂಡವರು ಏನೂ ಮಾಡಬೇಕಾಗಿರಲಿಲ್ಲ. ಆದರೂ ನಿಮ್ಮ ನಾಣ್ಯವನ್ನು ಹೊಸದಕ್ಕೆ ಬದಲಾಯಿಸಿಕೊಳ್ಳಿ ಅಂತ ಮೋಸ ನಡೆಯಿತು. ನನಗೇ ಒಮ್ಮೆ ತೆರಿಗೆಯ ಹೆಸರಿನಲ್ಲಿ ಮೇಲ್ ಬಂದಿತ್ತು. ಲಾಭದ ಮೇಲೆ 30 ಪರ್ಸೆಂಟ್ ತೆರಿಗೆ, 1 ಪರ್ಸೆಂಟ್ ಟಿಡಿಎಸ್, ಅದಕ್ಕಾಗಿ ವಾಲೆಟ್ ಪರಿಶೀಲನೆ ಮಾಡಿಸಿ ಅಂತ. ಆ ಎರಡು ಅಂಕಿಗಳೂ ನಿಜ, 2022ರಿಂದ ಜಾರಿಯಲ್ಲಿವೆ. ಹಾಗಾಗಿಯೇ ಓದುವವನಿಗೆ ಭಯವಾಗುತ್ತದೆ. ನಾನು ನಮ್ಮ ಆಡಿಟರ್‌ಗೆ ಫೋನ್ ಮಾಡಿದೆ. ತೆರಿಗೆ ಲೆಕ್ಕಕ್ಕೆ ವಾಲೆಟ್ಟಿನ ಪದ ಯಾಕೆ ಬೇಕು ಅಂತ ಅವರೇ ನನ್ನನ್ನು ಕೇಳಿದರು.

ಪದ ಕೇಳದ ಮೋಸವೂ ಇದೆ, ಇದನ್ನು ಸ್ವಲ್ಪ ಗಮನ ಇಟ್ಟು ಓದಿ. ನಮ್ಮ ಮಂಡಿಗೆ ಹಣ್ಣು ಹಾಕುವ ಬಂಗಾರಪೇಟೆ ಕಡೆಯ ರೈತರೊಬ್ಬರ ಮಗ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾನೆ. ಅವನಿಗೆ ಪದಗಳನ್ನು ಯಾರಿಗೂ ಕೊಡಬಾರದು ಅಂತ ಚೆನ್ನಾಗಿ ಗೊತ್ತಿತ್ತು. ಮೇಲ್‌ನಲ್ಲಿ ಬಂದ ಪುಟ ಪದ ಕೇಳಲೂ ಇಲ್ಲ. ವಾಲೆಟ್ ಕನೆಕ್ಟ್ ಮಾಡಿ, ಅಪ್‌ಡೇಟಿಗೆ ಒಪ್ಪಿಗೆ ಕೊಡಿ ಅಂದಿತು. ಅವನ ಅಸಲಿ ವಾಲೆಟ್ಟೇ ತೆರೆದುಕೊಂಡು 'ಅಪ್ರೂವ್' ಅಂತ ಕೇಳಿತು. ಒತ್ತಿದ. ಆ ಒಂದು ಒಪ್ಪಿಗೆಯ ಅರ್ಥ, ನನ್ನ ಈ ಟೋಕನ್‌ಗಳನ್ನು ನೀನು ಯಾವಾಗ ಬೇಕಾದರೂ ಎಷ್ಟು ಬೇಕಾದರೂ ತೆಗೆದುಕೊಳ್ಳಬಹುದು ಅಂತ. ಖಾಲಿ ಚೆಕ್ಕಿಗೆ ಸಹಿ ಹಾಕಿಕೊಟ್ಟ ಹಾಗೆ. ಒಂದು ಲಕ್ಷ ಎಂಬತ್ತು ಸಾವಿರ ರೂಪಾಯಿ ಬೆಲೆಯದ್ದು ಹೋಯಿತು. ಅಪ್‌ಡೇಟಿಗೆ ವಾಲೆಟ್ಟಿನೊಳಗಿನ ಸಹಿ ಬೇಕಾಗಿಲ್ಲ. ಯಾರಾದರೂ ಸಹಿ ಕೇಳಿದರೆ ಅದು ಹಣದ ವ್ಯವಹಾರ ಅಂತಲೇ ತಿಳಿಯಬೇಕು.

ಅವನ ಜೊತೆ ನಾನೂ ಕೂತು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದೆ, ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಹಾಕಿಸಿದೆ, ಆಮೇಲೆ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗೆ ಹೋದೆವು. ಮೇಲ್ ಅಳಿಸದೆ ಇಟ್ಟುಕೊಂಡಿದ್ದು, ಹಣ ಹೋದ ವ್ಯವಹಾರದ ಸಂಖ್ಯೆ, ಕಳ್ಳನ ವಾಲೆಟ್ಟಿನ ವಿಳಾಸ ಬರೆದಿಟ್ಟುಕೊಂಡಿದ್ದು ಕೆಲಸಕ್ಕೆ ಬಂತು. ಬ್ಯಾಂಕಿನ ಹಣವಾದರೆ ಬೇಗ ದೂರು ಕೊಟ್ಟಾಗ ಆ ಖಾತೆಯನ್ನು ತಡೆಯುವ ದಾರಿ ಇದೆ. ಇಲ್ಲಿ ಒಮ್ಮೆ ಹೋದ ವ್ಯವಹಾರವನ್ನು ಹಿಂದಕ್ಕೆ ತಿರುಗಿಸುವವರು ಯಾರೂ ಇಲ್ಲ. ಕದ್ದದ್ದು ಯಾವುದಾದರೂ ಎಕ್ಸ್‌ಚೇಂಜಿಗೆ ಬಂದರೆ ಮಾತ್ರ ಹಿಡಿಯುವ ಆಸೆ. ಅವನದು ಈ ತನಕ ಬಂದಿಲ್ಲ.

ವಾರದೊಳಗೆ ಅವನಿಗೆ ಇನ್ನೊಂದು ಮೆಸೇಜು ಬಂತು. ಕಳೆದುಹೋದ ಕ್ರಿಪ್ಟೊ ವಾಪಸ್ ತೆಗೆಸಿಕೊಡುತ್ತೇವೆ, ಮೊದಲು ಇಷ್ಟು ಫೀಸು ಕಟ್ಟಿ ಅಂತ. ಪುಣ್ಯಕ್ಕೆ ಕಟ್ಟುವ ಮುಂಚೆ ನನಗೆ ತೋರಿಸಿದ. ಏಟು ತಿಂದವರನ್ನು ಹುಡುಕಿಕೊಂಡು ಬರುವ ಎರಡನೇ ಏಟು ಅದು.

ಹೊಸ ಪದಗಳನ್ನು ಈಗ ಎರಡು ಪ್ರತಿ ಬರೆದಿಟ್ಟಿದ್ದೇನೆ. ಒಂದು ನಮ್ಮ ಬೀರುವಿನಲ್ಲಿ, ಇನ್ನೊಂದು ಮಾಲೂರಿನಲ್ಲಿ ಅಕ್ಕನ ಮನೆಯಲ್ಲಿ, ಅಂಟಿಸಿದ ಕವರಿನಲ್ಲಿ. ಫೋಟೊ ತೆಗೆದಿಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಕೊಂಡಿಲ್ಲ, ಇಮೇಲ್ ಡ್ರಾಫ್ಟ್‌ನಲ್ಲಿ ಇಟ್ಟಿಲ್ಲ. ಮನೆಯ ಹಾಳೆಯ ಮೇಲೆ ಈ ಸಲ ಕೆಂಪು ಇಂಕಿನಲ್ಲಿ ಬರೆದದ್ದು ನನ್ನ ಹೆಂಡತಿ: 'ಫೋನಿನಲ್ಲಿ ಯಾರು ಕೇಳಿದರೂ ಓದುವುದಿಲ್ಲ, ಇವರು ಕೇಳಿದರೂ.'

ಹರಾಜಿನ ಹೊತ್ತಿನಲ್ಲಿ ಹಣಕ್ಕೆ ಸಂಬಂಧಪಟ್ಟ ಮೇಲ್ ತೆರೆಯುವುದಿಲ್ಲ ಅಂತಲೂ ಮಾಡಿಕೊಂಡಿದ್ದೇನೆ. ನಕ್ಷತ್ರದ ಗುರುತು ಹಾಕಿ ಬಿಡುತ್ತೇನೆ, ಊಟವಾದ ಮೇಲೆ ನೋಡುತ್ತೇನೆ. ಕಳೆದ ವಾರ ಅಂಥದ್ದೊಂದು ಬಂತು, ಈ ಸಲ ಕನ್ನಡದಲ್ಲೇ ಇತ್ತು, ಓದಲು ಸೊಗಸಾಗಿಯೇ ಇತ್ತು. ಇಂದು ಸಂಜೆ 6 ಗಂಟೆಯೊಳಗೆ ಅಪ್‌ಡೇಟ್ ಮಾಡಿ ಅಂತ. ಮೂರು ಗಂಟೆಗೆ ಟೀ ಕುಡಿಯುತ್ತಾ ಪ್ಲೇ ಸ್ಟೋರ್‌ಗೆ ಹೋಗಿ ನೋಡಿದೆ. ವಾಲೆಟ್ಟಿನ ಪಕ್ಕ 'ಅಪ್‌ಡೇಟ್' ಇರಲಿಲ್ಲ, 'ಓಪನ್' ಅಂತ ಅಷ್ಟೇ ಇತ್ತು. ಆ ಮೇಲ್‌ನ ಮೂರು ಚುಕ್ಕಿ ಒತ್ತಿ, ಸ್ಪ್ಯಾಮ್ ಅಂತ ವರದಿ ಮಾಡಿ, ಲಾರಿ ಬಿಲ್ಲು ಬರೆಯಲು ಕೂತೆ.