ಸಂಜೆಯ ಅಂಗಡಿ ಕೆಲಸ ನಾಳೆಯ ನೌಕರಿಗೆ ನೆರವಾಗುವುದು ಹೇಗೆ?

ದಾವಣಗೆರೆಯಲ್ಲಿ ಕಾಲೇಜು ಬಿಡುವ ಹೊತ್ತಿಗೇ ಅಂಗಡಿಗಳಲ್ಲಿ ಗಿರಾಕಿಗಳ ದಟ್ಟಣೆ ಶುರುವಾಗುತ್ತದೆ. ಮಂಡಿಪೇಟೆ, ಚೌಕಿಪೇಟೆಯ ಅಂಗಡಿಗಳು, ಬೆಣ್ಣೆ ದೋಸೆ ಹೋಟೆಲ್, ಔಷಧಿ ಅಂಗಡಿ, ಕಾಲೇಜಿನ ಎದುರಿನ ಜೆರಾಕ್ಸ್ ಸೆಂಟರ್, ಎಪಿಎಂಸಿಯ ದಲಾಲಿ ಮಂಡಿ ಎಲ್ಲ ಕಡೆ ಮೂರ್ನಾಲ್ಕು ತಾಸಿಗೆ ಆಳು ಬೇಕು. ಅಲ್ಲಿ ದುಡಿಯುತ್ತಲೇ ಪದವಿ ಮುಗಿಸುವ ಎಷ್ಟೋ ಮಕ್ಕಳು ರೆಸ್ಯೂಮೆ ಬರೆಯುವಾಗ ಆ ವರ್ಷಗಳನ್ನು ಬಿಟ್ಟೇಬಿಡುತ್ತಾರೆ. ಓದಿಗೂ ಆ ಕೆಲಸಕ್ಕೂ ಸಂಬಂಧವಿಲ್ಲ ಎಂಬ ಸಂಕೋಚ. ಹಾಗೆ ಬಿಡುವುದು ದೊಡ್ಡ ನಷ್ಟ. ಲೆಕ್ಕ, ದಾಸ್ತಾನು, ಗಿರಾಕಿಯೊಡನೆ ಮಾತು ಇವಿಲ್ಲದೆ ನಡೆಯುವ ಕಂಪನಿ ಇಲ್ಲ. ಆದರೆ ಅಂಗಡಿಯಲ್ಲಿ ನಿಂತ ಮಾತ್ರಕ್ಕೆ ಅವು ಕೈಗೆ ಹತ್ತುವುದಿಲ್ಲ, ಕೇಳಿ ಕಲಿಯಬೇಕು.

ಸೇರುವ ಮೊದಲು

ಸಂಬಳಕ್ಕಿಂತ ಮೊದಲು ಸಮಯ ನೋಡಿ. ಬಹುತೇಕ ಕೋರ್ಸ್‌ಗಳಲ್ಲಿ ಶೇ 75ರಷ್ಟು ಹಾಜರಾತಿ ಬೇಕು. ಬೆಳಗಿನ ತರಗತಿ ತಪ್ಪಿಸುವ ಕೆಲಸ ಎಷ್ಟು ಕೊಟ್ಟರೂ ಬೇಡ. ದಿನಕ್ಕೆ ನಾಲ್ಕು ತಾಸು ಮೀರದಿರಲಿ. ಪರೀಕ್ಷೆಯ ರಜೆ, ವಾರದ ರಜೆ, ಸಂಬಳದ ತಾರೀಕು ಈ ಮೂರನ್ನೂ ಮೊದಲ ದಿನವೇ ಮಾತಾಡಿಕೊಳ್ಳಿ. ಮೂಲ ಅಂಕಪಟ್ಟಿಯನ್ನು ಯಾರ ಬಳಿಯೂ ಒತ್ತೆ ಇಡಬೇಡಿ, ಜೆರಾಕ್ಸ್ ಪ್ರತಿ ಸಾಕು.

ಮೊದಲ ಹದಿನೈದು ದಿನ ಹೇಳಿದ್ದನ್ನಷ್ಟೇ ಮಾಡಿ, ಸಮಯಕ್ಕೆ ಸರಿಯಾಗಿ ಬನ್ನಿ. ನಂಬಿಕೆ ಕುದುರಿದ ಮೇಲೆ ಒಂದೇ ಒಂದು ಹೊಣೆ ಕೇಳಿ: ‘ಅಣ್ಣಾ, ಬಾಗ್ಲು ಹಾಕೋವಾಗ ಗಲ್ಲಾ ಎಣಿಸೋದು ನನಗೂ ತೋರಿಸ್ರಿ, ಆಮೇಲೆ ನೀವೂ ಒಂದ್ಸಲ ಎಣಿಸ್ಕೊಳ್ರಿ.’ ಮತ್ತೆ ಎಣಿಸಿ ಎಂದು ನೀವೇ ಹೇಳಿದರೆ ಮಾಲೀಕರಿಗೆ ಧೈರ್ಯ, ನಿಮಗೂ ರಕ್ಷಣೆ. ಒಬ್ಬರೇ ಎಣಿಸಿದ ಗಲ್ಲಾದಲ್ಲಿ ಹಣ ಕಡಿಮೆ ಬಿದ್ದರೆ ಮಾತು ಬರುವುದು ನಿಮ್ಮ ಮೇಲೆ.

ಗಲ್ಲಾ ಲೆಕ್ಕ

ಯಾವ ಅಂಗಡಿಗೆ ಸೇರಿದರೂ ಇದನ್ನು ಬಿಡಬೇಡಿ. ಬೆಳಗಿನ ರೊಕ್ಕ 1,500 ರೂಪಾಯಿ, ನಗದು ಮಾರಾಟ 8,640, ಬಂದ ಉದ್ರಿ 700, ಟೀ–ಆಟೊ ಖರ್ಚು 420 ಎಂದುಕೊಳ್ಳಿ. ಮೊದಲ ಮೂರನ್ನು ಕೂಡಿ ಖರ್ಚು ಕಳೆದರೆ ಗಲ್ಲಾದಲ್ಲಿ 10,420 ಇರಬೇಕು. ಫೋನ್‌ಪೇ, ಗೂಗಲ್‌ಪೇ ಹಣ ಇದರಲ್ಲಿ ಸೇರಬಾರದು, ಅದಕ್ಕೆ ಬೇರೆಯೇ ಕಲಂ.

ತಾಳೆಯಾಗದಿದ್ದರೆ ಮೂರು ಕಡೆ ಹುಡುಕಿ. ಫೋನ್‌ಪೇ ಬಿಲ್ ನಗದಿನಲ್ಲಿ ಬರೆದಿರಬಹುದು. ಚೀಟಿ ಇಲ್ಲದೆ ಖರ್ಚು ಕೊಟ್ಟಿರಬಹುದು. ಅಥವಾ ಅಂಕಿ ಅದಲುಬದಲಾಗಿರಬಹುದು. ವ್ಯತ್ಯಾಸ 9ರಿಂದ ನಿಶ್ಶೇಷವಾಗಿ ಭಾಗವಾದರೆ ಕೊನೆಯದರ ಮೇಲೆ ಅನುಮಾನ ಪಡಿ: 540 ಬರೆಯಬೇಕಾದಲ್ಲಿ 450 ಬರೆದರೆ ವ್ಯತ್ಯಾಸ 90. ಮುಂದೆ ಬ್ಯಾಂಕ್ ಖಾತೆಯ ತಾಳೆ ನೋಡುವಾಗ, ಆಡಿಟ್ ಕಚೇರಿಯಲ್ಲಿ ಕೂತಾಗ ಮಾಡುವುದೂ ಇದೇ ಕೆಲಸ. ಕಡಿಮೆ ಬಿದ್ದ ಹಣವನ್ನು ಕಿಸೆಯಿಂದ ಹಾಕಿ ಮುಚ್ಚಬೇಡಿ, ವ್ಯತ್ಯಾಸವನ್ನೇ ಬರೆಯಿರಿ. ಮುಚ್ಚಿಟ್ಟ ತಪ್ಪಿನ ಕಾರಣ ಎಂದೂ ಸಿಗುವುದಿಲ್ಲ.

ಗಲ್ಲಾ ಆದ ಮೇಲೆ ಖರೀದಿ ಬಿಲ್ ಓದಲು ಕಲಿಯಿರಿ. ಜಿಎಸ್‌ಟಿ ಸಂಖ್ಯೆಗೆ 15 ಅಕ್ಷರ: ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29, ಮುಂದಿನ ಹತ್ತು ಮಾಲೀಕರ ಅಥವಾ ಸಂಸ್ಥೆಯ ಪ್ಯಾನ್. ರಾಜ್ಯದೊಳಗಿನ ಖರೀದಿಗೆ ತೆರಿಗೆ ಸಿಜಿಎಸ್‌ಟಿ (ಕೇಂದ್ರದ ಪಾಲು), ಎಸ್‌ಜಿಎಸ್‌ಟಿ (ರಾಜ್ಯದ ಪಾಲು) ಎಂದು ಎರಡಾಗಿ ಒಡೆದಿರುತ್ತದೆ. ಹೊರರಾಜ್ಯದಿಂದ, ಅಂದರೆ ಸೂರತ್‌ನಿಂದ ಸೀರೆ ಬಂದರೆ, ಐಜಿಎಸ್‌ಟಿ (ಅಂತರರಾಜ್ಯ ತೆರಿಗೆ) ಒಂದೇ. ಇದನ್ನು ನಿಜವಾದ ಬಿಲ್ಲಿನಲ್ಲಿ ನೋಡಿದ ಬಿ.ಕಾಂ. ವಿದ್ಯಾರ್ಥಿಗೆ ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಕ್ಲಾಸು ಸಲೀಸು.

ಔಷಧಿ ಅಂಗಡಿಯಲ್ಲಿ ದಾಸ್ತಾನು ಕಲಿಯಬಹುದು. ಔಷಧಿ ಕೊಡುವುದು ಫಾರ್ಮಸಿಸ್ಟ್ ಕೆಲಸ, ಅದಕ್ಕೆ ಕೈ ಹಾಕಬೇಡಿ. ಬ್ಯಾಚ್ ಸಂಖ್ಯೆ, ಅವಧಿ ನೋಡಿ ಜೋಡಿಸುವುದು ನಿಮ್ಮದು. ಬೇಗ ಅವಧಿ ಮುಗಿಯುವುದು ಮುಂದೆ, ಹೊಸದು ಹಿಂದೆ. ದೋಸೆ ಹೋಟೆಲಿನಲ್ಲಿ ವಾರದ ಯಾವ ದಿನ ಎಷ್ಟು ದೋಸೆ ಹೋಯಿತು, ಎಷ್ಟು ಹಿಟ್ಟು ಉಳಿಯಿತು ಎಂದು ಎರಡು ತಿಂಗಳು ಬರೆದಿಟ್ಟರೆ ಬೇಡಿಕೆ ಅಂದಾಜಿಸುವುದು ತಾನಾಗಿ ಬರುತ್ತದೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ಮಂಡಿಗೆ ಸೇರಿದವರು ತೂಕದ ಚೀಟಿ, ತೇವಾಂಶದ ಅಳತೆ ಗಮನಿಸಲಿ. ತೇವ ಹೆಚ್ಚಿದರೆ ಕಾಳಿಗೆ ಬೂಷ್ಟು ಹಿಡಿಯುತ್ತದೆ, ದರ ಇಳಿಯುವುದು ಅದಕ್ಕೇ.

ರಾತ್ರಿ ಐದು ನಿಮಿಷ

ನೂರು ಪುಟದ ನೋಟ್‌ಬುಕ್ ಸಾಕು. ಮನೆಗೆ ಬಂದ ಕೂಡಲೇ ತಾರೀಕು, ಮಾಡಿದ ಕೆಲಸ, ಒಂದು ಅಂಕಿ, ಎದುರಾದ ಒಂದು ತೊಂದರೆ, ಅದನ್ನು ಬಗೆಹರಿಸಿದ ರೀತಿ ಬರೆಯಿರಿ. ಅಂಕಿಯನ್ನು ಮಾತ್ರ ಮರೆಯಬೇಡಿ: ‘ಇವತ್ತು ಬಹಳ ರಶ್’ ಎಂದು ಬರೆದರೆ ಉಪಯೋಗವಿಲ್ಲ, ‘ಸಂಜೆ 62 ಬಿಲ್’ ಎಂದಿರಲಿ. ಗಿರಾಕಿಗಳ ಹೆಸರು, ಫೋನ್ ನಂಬರ್, ಅಂಗಡಿಯ ಖರೀದಿ ದರ ಇದರಲ್ಲಿ ಬೇಡ, ಅವು ಮಾಲೀಕರ ಗುಟ್ಟು.

ರೆಸ್ಯೂಮೆಗೆ ಇಳಿಸುವುದು

‘ಬಟ್ಟೆ ಅಂಗಡಿಯಲ್ಲಿ ಪಾರ್ಟ್‌ಟೈಮ್ ಕೆಲಸ’ ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ: ‘14 ತಿಂಗಳು, ದಿನಕ್ಕೆ 4 ತಾಸು, ದಿನಕ್ಕೆ 50–60 ಬಿಲ್, ನಗದು ಮತ್ತು ಯುಪಿಐ ಲೆಕ್ಕದ ದೈನಂದಿನ ತಾಳೆ, ದೀಪಾವಳಿ ಸೀಸನ್‌ನಲ್ಲಿ ಹೊಸದಾಗಿ ಸೇರಿದ ಇಬ್ಬರಿಗೆ ಬಿಲ್ಲಿಂಗ್ ತರಬೇತಿ.’ ಇಂಥ ಮೂರ್ನಾಲ್ಕು ಸಾಲು ಸಾಕು. ಹುದ್ದೆಯ ಹೆಸರನ್ನು ಉಬ್ಬಿಸಬೇಡಿ. ‘ಸ್ಟೋರ್ ಮ್ಯಾನೇಜರ್’ ಎಂದು ಬರೆದವರನ್ನು ‘ನಿಮ್ಮ ಕೈಕೆಳಗೆ ಎಷ್ಟು ಜನ?’ ಎಂದು ಕೇಳಿದಾಗ ಅಲ್ಲೇ ಸಿಕ್ಕಿಬೀಳುತ್ತಾರೆ, ಆಮೇಲೆ ನಿಜವಾದ ಸಾಲುಗಳನ್ನೂ ಯಾರೂ ನಂಬುವುದಿಲ್ಲ.

ಸಂದರ್ಶನಕ್ಕೆ ಹೋಗುವ ಹಿಂದಿನ ರಾತ್ರಿ ನೋಟ್‌ಬುಕ್ ತೆರೆದು ತಾಳೆ ತಪ್ಪಿದ ಒಂದು ದಿನವನ್ನು ಆರಿಸಿ. ಎಷ್ಟು ವ್ಯತ್ಯಾಸ ಬಂತು, ಎಲ್ಲೆಲ್ಲಿ ಹುಡುಕಿದಿರಿ, ಮರುದಿನದಿಂದ ಏನು ಬದಲಿಸಿದಿರಿ ಎಂದು ಎರಡು ನಿಮಿಷದಲ್ಲಿ ಹೇಳಿ ರೂಢಿ ಮಾಡಿಕೊಳ್ಳಿ.

ಕೆಲಸ ಬಿಡುವಾಗ ಹದಿನೈದು ದಿನ ಮೊದಲೇ ತಿಳಿಸಿ, ಅಂಗಡಿಯ ಲೆಟರ್‌ಹೆಡ್‌ನಲ್ಲಿ ಅನುಭವ ಪತ್ರ ಕೇಳಿ. ಸೇರಿದ ತಾರೀಕು, ಬಿಟ್ಟ ತಾರೀಕು, ಮಾಡಿದ ಕೆಲಸ, ಸಹಿ, ಮೊಹರು ಇದ್ದರೆ ಆಯಿತು. ಪತ್ರ ಬರೆಯಲು ಮಾಲೀಕರಿಗೆ ಪುರುಸೊತ್ತು ಇರುವುದಿಲ್ಲ; ನೀವೇ ಟೈಪ್ ಮಾಡಿಸಿ, ಗಿರಾಕಿ ಕಡಿಮೆ ಇರುವ ಮಧ್ಯಾಹ್ನ ಒಯ್ದು ಕೊಡಿ.