ಡೋಜರ್ ರೋಪ್ಸ್ ಚೆಕ್ಕಿಂಗ್: ನಾನು ಮಾಡೋ ರೀತಿ

ಸಂಡೂರು ಕಡೆ ಕಬ್ಬಿಣದ ಅದಿರಿನ ಮೈನ್ಸ್‌ನಲ್ಲಿ ಮೆಂಟೆನೆನ್ಸ್ ನೋಡ್ಕೊತೀನಿ. ಎಂಜಿನ್ನು, ಹೈಡ್ರಾಲಿಕ್ಸು ಅಂದ್ರೆ ಎಲ್ರೂ ಓಡಿ ಬರ್ತಾರೆ, ಗಾಡಿ ಮಗುಚಿದ್ರೆ ಆಪರೇಟರ್‌ನ ಉಳಿಸೋ ರೋಪ್ಸ್ (ROPS, ಆಪರೇಟರ್ ಕೂರೋ ಜಾಗದ ಸುತ್ತ, ಮೇಲೆ ಇರೋ ಉಕ್ಕಿನ ಚೌಕಟ್ಟು) ಕಡೆ ಮಾತ್ರ ಯಾರೂ ತಲೆ ಎತ್ತಿ ನೋಡಲ್ಲ, ಯಾಕಂದ್ರೆ ಅದು ಲೀಕ್ ಆಗಲ್ಲ, ಸೌಂಡ್ ಮಾಡಲ್ಲ, ಕೆಟ್ರೂ ಪ್ರೊಡಕ್ಷನ್ ನಿಲ್ಲಲ್ಲ.

ನಾನು ಮೊದಲು ಹುಡುಕೋದು ರೋಪ್ಸ್ ಮೇಲಿರೋ ಮಾಹಿತಿ ಪ್ಲೇಟ್. ಪೇಂಟರ್‌ಗಳು ಅದರ ಮೇಲೂ ಹಳದಿ ಬಳ್ದಿರ್ತಾರೆ, ಥಿನ್ನರ್ ಬಟ್ಟೇಲಿ ಒರೆಸಿದ್ರೆ ಮಾಡೆಲ್ಲು, ಸೀರಿಯಲ್ ನಂಬರ್, ಐಎಸ್‌ಓ 3471 (ರೋಪ್ಸ್ ಟೆಸ್ಟಿಂಗ್‌ನ ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡ್), ಗಾಡಿ ಎಷ್ಟು ಕೆಜಿವರೆಗೆ ಇರಬಹುದು ಅನ್ನೋದೆಲ್ಲ ಸಿಗುತ್ತೆ. ಪ್ಲೇಟ್ ಇದೆ ಅಂತ ಟಿಕ್ ಹಾಕಿ ಹೋದ್ರೆ ಸಾಲ್ದು. ಆಮೇಲೆ ರಿಪ್ಪರ್ (ಹಿಂದೆ ನೆಲ ಸೀಳೋ ಕೊಕ್ಕೆ) ಹಾಕಿದೀವಾ, ದೊಡ್ಡ ಬ್ಲೇಡ್ ಕೂರಿಸಿದೀವಾ, ಆ ತೂಕ ಸೇರಿ ಪ್ಲೇಟಿನ ಅಂಕಿ ದಾಟ್ತಾ ನೋಡ್ಬೇಕು.

ಆಮೇಲೆ ವಾಷಿಂಗ್. ಬಿರುಕು ಬರೋದು ಹೆಚ್ಚಾಗಿ ಕಂಬದ ಬುಡದಲ್ಲಿ, ಫ್ರೇಮಿಗೆ ಕೂರೋ ಜಾಗದಲ್ಲಿ, ವೆಲ್ಡಿಂಗ್ ಅಂಚಲ್ಲಿ, ಅಲ್ಲೇ ಕೆಂಪು ಮಣ್ಣು ಗಟ್ಟಿಯಾಗಿ ಕೂತಿರುತ್ತೆ. ಪೇಂಟ್ ಮೇಲೆ ಕೂದಲೆಳೆಯಂಥ ತುಕ್ಕಿನ ಗೆರೆ ಕಂಡ್ರೆ ಡೈ ಟೆಸ್ಟ್ ಮಾಡ್ತೀನಿ, ಅಂದ್ರೆ ಬಿರುಕಿನೊಳಗೆ ಇಳಿಯೋ ಬಣ್ಣ ಹೊಡೆದು ನೋಡೋದು. ನಮ್ ಕಡೆ ತಲೆನೋವು ಏನಂದ್ರೆ ಡೈಯೂ ಕೆಂಪು, ನಮ್ ಧೂಳೂ ಕೆಂಪು. ಸರಿಯಾಗಿ ಕ್ಲೀನ್ ಮಾಡದೆ ಡೆವಲಪರ್ (ಒಳಗಿಳಿದ ಡೈನ ಹೊರಗೆಳೆದು ತೋರ್ಸೋ ಬಿಳಿ ಪುಡಿ) ಹೊಡೆದ್ರೆ ಹೋಳಿ ಆಡಿದಂಗಾಗುತ್ತೆ. ಅದಕ್ಕೆ ಸ್ಟ್ರಿಪ್ಪರ್ ಹಚ್ಚಿ ಪೇಂಟ್ ತೆಗೆದು, ಒರೆಸಿದ ಬಿಳಿ ಬಟ್ಟೆ ಬಿಳಿಯಾಗೇ ಬರೋವರೆಗೂ ಕ್ಲೀನರ್ ಹಾಕಿ ಒರೆಸ್ತೀನಿ. ಗ್ರೈಂಡರ್ ಮಾತ್ರ ಮುಟ್ಟಲ್ಲ, ಲೋಹ ಸವರಿ ಬಿರುಕಿನ ಬಾಯೇ ಮುಚ್ಚಿಹೋಗುತ್ತೆ. ಡೈ ಹೊಡೆದು ಡಬ್ಬೀಲಿ ಬರೆದಷ್ಟು ಹೊತ್ತು ಕಾದು, ಒರೆಸಿ, ಡೆವಲಪರ್. ನಿಜವಾದ ಬಿರುಕಾದ್ರೆ ಚೂಪಾದ ಗೆರೆ ಬಂದು ನಿಧಾನಕ್ಕೆ ದಪ್ಪ ಆಗ್ತಾ ಹೋಗುತ್ತೆ, ಕೊಳೆಯಾದ್ರೆ ಮಸುಕು ಕಲೆ ಅಷ್ಟೇ.

ಬೋಲ್ಟ್ ತಲೆ ಮೇಲಿನ ನಂಬರ್ ಓದ್ತೀನಿ, ಅದು ಬೋಲ್ಟಿನ ಬಲದ ಗ್ರೇಡ್, ಅಂಕಿ ದೊಡ್ಡದಾದಷ್ಟೂ ಬಲ ಜಾಸ್ತಿ. 10.9 ಇರ್ಬೇಕಾದ ಕಡೆ ಸ್ಟೋರ್ಸಲ್ಲಿ ಸಿಕ್ಕಿದ 8.8 ಕೂರಿಸಿರ್ತಾರೆ, ಹೊರಗಿಂದ ಎರಡೂ ಒಂದೇ ಥರ ಕಾಣುತ್ತೆ. ಟಾರ್ಕ್ (ಬೋಲ್ಟ್ ಎಷ್ಟು ಬಿಗಿ ಮಾಡ್ಬೇಕು ಅನ್ನೋದು) ಮ್ಯಾನ್ಯುಯಲ್ ಪ್ರಕಾರ, ಕೈ ಅಂದಾಜಲ್ಲ.

ದೊಡ್ಡ ಜಗಳ ಬರೋದು ವೆಲ್ಡಿಂಗ್ ವಿಷಯಕ್ಕೆ. "ಸಾರ್, ಒಂದು ಗಸೆಟ್ ಕೊಟ್ಟು ವೆಲ್ಡ್ ಹೊಡೆದ್ಬಿಡ್ತೀನಿ, ಆನೆ ನಿಂತ್ರೂ ಬಗ್ಗಲ್ಲ" ಅಂತಾನೆ ವೆಲ್ಡರ್. ಗಸೆಟ್ ಅಂದ್ರೆ ಮೂಲೆ ಬಿಗಿ ಮಾಡೋಕೆ ಕೂರಿಸೋ ತಗಡಿನ ತುಂಡು. ಬಗ್ಗಬೇಕು ಮಾರಾಯ! ಆಪರೇಟರ್ ಕೂರೋ ಜಾಗಕ್ಕೆ ನುಗ್ಗದೆ, ಅಷ್ಟಿಷ್ಟು ಬಗ್ಗಿ ಏಟು ನುಂಗ್ಲಿ ಅಂತಾನೇ ರೋಪ್ಸ್‌ನ ಹಾಗೆ ಮಾಡಿರೋದು. ನಾವು ಬಿಗಿ ಮಾಡಿದ ಜಾಗದ ಪಕ್ಕದಲ್ಲೇ ಮುರಿಯುತ್ತೆ. ಫೈರ್ ಎಕ್ಸ್‌ಟಿಂಗ್ವಿಷರ್ ಸ್ಟ್ಯಾಂಡಿಗೂ ಕಂಬಕ್ಕೆ ತೂತು ಹೊಡೆಯೋಕೆ ಬಿಡಲ್ಲ, ಕ್ಲ್ಯಾಂಪ್ ಹಾಕ್ಸ್ತೀನಿ. ಬಿರುಕು ಸಿಕ್ಕಿದ್ರೆ ಗಾಡಿಗೆ ಟ್ಯಾಗ್ ಹಾಕಿ ನಿಲ್ಸಿ, ಗಾಡಿ ತಯಾರಿಸಿದ ಕಂಪನಿಗೆ ಬರೀತೀನಿ, ಒಂದ್ಸಲ ಮಗುಚಿದ ರೋಪ್ಸ್ ಆದ್ರೆ ಸೀದಾ ಸ್ಕ್ರ್ಯಾಪ್.

ಸೀಟ್ ಬೆಲ್ಟೂ ಇದೇ ಚೆಕ್ಕಿಂಗ್‌ನಲ್ಲೇ ಬರುತ್ತೆ. "ಮಗುಚಿದ್ರೆ ಹಾರ್ಕೊಂಡ್ಬಿಡ್ತೀನಿ ಸಾರ್" ಅನ್ನೋ ಆಪರೇಟರ್‌ಗಳಿದಾರೆ, ಹಾರಿದವ್ರು ಅದೇ ರೋಪ್ಸ್ ಕೆಳಗೇ ಸಿಕ್ಕಾಕೊಳ್ಳೋದು. ಬೆಲ್ಟ್ ಎಳೆ ಬಿಟ್ಟಿದ್ರೆ, ಬಕಲ್‌ನಲ್ಲಿ ಧೂಳು ಸೇರಿ ಲಾಕ್ ಕೂರದೇ ಇದ್ರೆ, ಅವತ್ತೇ ಬದಲಾಯಿಸಿ ಆಮೇಲೇ ಗಾಡಿ ಬಿಡೋದು.